ನಮ್ಮ ಗಾಡಿಯನ್ನು ನಾವೇ ಕದ್ದರೆ?

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಕಾನೂನಿನ ಮಾತು ಅಂದರೆ ಕಣ್ಣು ಎಳೆಯುತ್ತದೆ, ನನಗೂ ಗೊತ್ತು. ಅದಕ್ಕೇ ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ.

ನಿಮ್ಮ ಬೈಕನ್ನು ಗ್ಯಾರೇಜಿಗೆ ಬಿಟ್ಟಿದ್ದೀರಿ. ಎಂಜಿನ್ ಕೆಲಸ ಮುಗಿದಿದೆ, ಬಿಲ್ಲು 3,000 ರೂಪಾಯಿ. 'ದುಡ್ಡು ಕೊಟ್ಟು ಗಾಡಿ ತಗೊಂಡು ಹೋಗಿ ಸಾರ್' ಎನ್ನುತ್ತಾನೆ ಮೆಕ್ಯಾನಿಕ್. ಅವನು ಟೀ ಕುಡಿಯಲು ಹೋದಾಗ ಮನೆಯಲ್ಲಿದ್ದ ಎರಡನೇ ಕೀ ತಂದು, ಬಿಲ್ಲು ತಪ್ಪಿಸಲು ಗಾಡಿ ಹೊಡೆದುಕೊಂಡು ಬಂದಿರಿ. ಆರ್.ಸಿ. ನಿಮ್ಮ ಹೆಸರಲ್ಲೇ ಇದೆ. ಇದು ಕಳ್ಳತನವೇ?

ಹೌದು, ಕಳ್ಳತನವೇ. 1860ರ ಭಾರತೀಯ ದಂಡ ಸಂಹಿತೆಯಲ್ಲೇ ಈ ಉದಾಹರಣೆ ಇತ್ತು. ಅಲ್ಲಿ ಬೈಕಿನ ಬದಲು ರಿಪೇರಿಗೆ ಕೊಟ್ಟ ಗಡಿಯಾರ, ಅಷ್ಟೇ. ರಿಪೇರಿ ಬಾಕಿ ಏನೂ ಇಲ್ಲದಿದ್ದರೆ ನಿಮ್ಮ ವಸ್ತು ನೀವು ತಂದಿರಿ, ಕಳ್ಳತನವಲ್ಲ. ಬಾಕಿ ಇದ್ದು, ಅದಕ್ಕಾಗಿಯೇ ಅವನು ವಸ್ತುವನ್ನು ಹಿಡಿದಿಟ್ಟುಕೊಂಡಿದ್ದರೆ ಲೆಕ್ಕ ಬೇರೆ. ಕಳ್ಳತನದ ಕಾನೂನು 'ಇದು ಯಾರದ್ದು' ಎಂದು ಮೊದಲು ಕೇಳುವುದಿಲ್ಲ. 'ಇದು ಯಾರ ಕೈಯಲ್ಲಿತ್ತು' ಎಂದು ಕೇಳುತ್ತದೆ. ಆ ಕೈಯಲ್ಲಿರುವುದಕ್ಕೇ ಸ್ವಾಧೀನ ಅಂತ ಹೆಸರು.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯ 378ನೇ ಸೆಕ್ಷನ್ ಈಗ 303. ವ್ಯಾಖ್ಯಾನ ಮಾತ್ರ ಹೆಚ್ಚುಕಡಿಮೆ ಅದೇ: ಚರ ಸ್ವತ್ತನ್ನು, ಇನ್ನೊಬ್ಬರ ಸ್ವಾಧೀನದಿಂದ, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಳ್ಳಲು ಅಲುಗಿಸಿದರೆ ಕಳ್ಳತನ. 'ಅಲುಗಿಸಿದರೆ' ಎನ್ನುವುದನ್ನು ಗಮನಿಸಿ. ಹೊತ್ತುಕೊಂಡು ಹೋಗಲೇಬೇಕು ಅಂತಿಲ್ಲ.

ನೆಂಟರ ಮನೆಯಲ್ಲಿ ಮೇಜಿನ ಮೇಲೊಂದು ಉಂಗುರ ಕಂಡಿತು ಅಂದುಕೊಳ್ಳಿ. ಜೇಬಿಗೆ ಹಾಕಲು ಧೈರ್ಯ ಸಾಲದೆ ಅದೇ ಮನೆಯ ಅಟ್ಟದ ಸಂದಿಯಲ್ಲಿ ಅಡಗಿಸಿಟ್ಟಿರಿ. ಗಲಾಟೆ ತಣ್ಣಗಾದ ಮೇಲೆ ಒಯ್ಯೋಣ ಎಂಬ ಲೆಕ್ಕಾಚಾರ. ಉಂಗುರ ಹೊಸಿಲು ದಾಟಿಲ್ಲ. ಆದರೂ ಮೇಜಿನಿಂದ ಎತ್ತಿದ ಕ್ಷಣವೇ ಅಪರಾಧ ಮುಗಿಯಿತು. ನಾಯಿಯ ಉದಾಹರಣೆ ಇನ್ನೂ ಚೆನ್ನಾಗಿದೆ. ಜೇಬಿನಲ್ಲಿ ತಿಂಡಿ ಇಟ್ಟು ಪಕ್ಕದ ಮನೆಯ ನಾಯಿಯನ್ನು ಹೊಡೆದುಕೊಂಡು ಹೋಗಲು ಹೊರಟರೆ, ನಾಯಿ ಹಿಂದೆ ನಡೆಯತೊಡಗಿದಾಗಲೇ ಕಳ್ಳತನ. ಮುಟ್ಟಿಯೂ ಇಲ್ಲ ಪಾಪ!

ಚರ ಸ್ವತ್ತು ಅಂದರೆ ಭೂಮಿ ಮತ್ತು ಭೂಮಿಗೆ ಅಂಟಿಕೊಂಡದ್ದು ಬಿಟ್ಟು ಉಳಿದದ್ದು. ಬೇರೂರಿ ನಿಂತ ಮರವನ್ನು ಕದಿಯಲಾಗದು. ಒಯ್ಯುವ ಉದ್ದೇಶದಿಂದ ಕಡಿದಿರೋ, ಕಡಿದು ಬೇರ್ಪಡಿಸಿದ್ದೇ ಕಳ್ಳತನ. ತೋಟದಲ್ಲಿ ರಾತ್ರೋರಾತ್ರಿ ಅಡಿಕೆ ಗೊನೆ ಇಳಿಸುವವರಿಗೂ ಇದೇ ಅನ್ವಯ.

ಇನ್ನು ಉದ್ದೇಶ. ಕಾನೂನಿನಲ್ಲಿ ಅಪ್ರಾಮಾಣಿಕ ಅಂದರೆ ಒಬ್ಬರಿಗೆ ಅಕ್ರಮ ಲಾಭ ಇಲ್ಲವೇ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ. ಮದುವೆ ಛತ್ರದಲ್ಲಿ ನಮ್ಮದೇ ಅಂದುಕೊಂಡು ಬೇರೆಯವರ ಚಪ್ಪಲಿ ಮೆಟ್ಟಿ ಬಂದರೆ ಅದು ಕಳ್ಳತನವಲ್ಲ. ಮನೆಗೆ ಬಂದು ನೋಡಿ, ಗೊತ್ತಾದ ಮೇಲೂ ಸುಮ್ನೆ ಹಾಕಿಕೊಂಡು ಓಡಾಡಿದರೆ? ಆಗ ದುರುಪಯೋಗದ ಪ್ರಶ್ನೆ ಏಳುತ್ತದೆ. ಅದರ ಸೆಕ್ಷನ್ ಬೇರೆ.

'ವಾಪಸ್ ಕೊಡೋಣ ಅಂತಿದ್ದೆ' ಎಂಬ ಸಮಜಾಯಿಷಿ ಎಲ್ಲರ ಬಾಯಲ್ಲೂ ಬರುತ್ತದೆ. 1952ರ ಮೇ 14ರಂದು ಜೋಧಪುರದ ವಾಯುಪಡೆ ಅಕಾಡೆಮಿಯಲ್ಲಿ ಮೆಹ್ರಾ ಎಂಬ ಕೆಡೆಟ್‌ಗೆ ಡಕೋಟಾ ವಿಮಾನದಲ್ಲಿ ತರಬೇತಿ ಇತ್ತು. ಆತ ಇನ್ನೊಬ್ಬನನ್ನು ಕೂರಿಸಿಕೊಂಡು, ಅನುಮತಿಯಿಲ್ಲದೆ ಹಾರ್ವರ್ಡ್ ವಿಮಾನ ಹಾರಿಸಿದ. ಇಳಿದದ್ದು ಪಾಕಿಸ್ತಾನದಲ್ಲಿ! ದಾರಿ ತಪ್ಪಿತು ಎಂದರು. 1957ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಬಳಸಿದ್ದೇ ಅಕ್ರಮ ಲಾಭ, ಅಷ್ಟು ಹೊತ್ತು ವಿಮಾನ ಕೈತಪ್ಪಿದ್ದೇ ಸರ್ಕಾರಕ್ಕೆ ನಷ್ಟ. 1963ರಲ್ಲಿ ಸರ್ಕಾರಿ ಕಡತವೊಂದರ ಪ್ರಕರಣದಲ್ಲೂ ಹೀಗೇ ಆಯಿತು. ನೌಕರ ಕಡತವನ್ನು ಮನೆಗೆ ಒಯ್ದು, ಗೆಳೆಯನ ಕೈಗೆ ಕೊಟ್ಟು, ಆಮೇಲೆ ವಾಪಸ್ ತಂದಿಟ್ಟಿದ್ದ. ಅದೂ ಕಳ್ಳತನವೇ ಎಂದಾಯಿತು. ನಮ್ಮ ಕಚೇರಿಗಳಲ್ಲಿ ಈ ತೀರ್ಪನ್ನು ಗೋಡೆಗೆ ಅಂಟಿಸಬೇಕು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಶಿಕ್ಷೆ ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಾಸದ ಮನೆ, ವಾಹನ ಮುಂತಾದ ಕಡೆ ಕದ್ದರೆ 7 ವರ್ಷದವರೆಗೆ ಹೋಗಬಹುದು. ಹೊಸ ಸಂಹಿತೆಯಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಮೊದಲ ಸಲ ಸಿಕ್ಕಿಬಿದ್ದವರು, ಕದ್ದದ್ದು 5,000 ರೂಪಾಯಿಗಿಂತ ಕಡಿಮೆ, ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಜೈಲಿನ ಬದಲು ಸಮುದಾಯ ಸೇವೆ.

ವಿದ್ಯುತ್ ಚರ ಸ್ವತ್ತಲ್ಲ ಎಂದು 1965ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಂಬಕ್ಕೆ ಕೊಕ್ಕೆ ಹಾಕುವವರನ್ನು ಹಿಡಿಯುವುದು ವಿದ್ಯುತ್ ಕಾಯ್ದೆ. ಹಳೆಯ ಸಂಹಿತೆ ಚರ ಸ್ವತ್ತನ್ನು ವಿವರಿಸುವಾಗ 'ಭೌತಿಕ' ಎಂಬ ಪದ ಬಳಸಿತ್ತು. ಹೊಸದರಲ್ಲಿ ಆ ಪದ ಇಲ್ಲ. ಹಾಗಾದರೆ ಕಂಪನಿಯ ಮಾಹಿತಿಯನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹೋದವನು ಕಳ್ಳನೇ? ಮಾಹಿತಿ ಸ್ವತ್ತು ಅಂತಲೇ ಇಟ್ಟುಕೊಳ್ಳಿ. ಆದರೆ ಮೂಲ ಫೈಲು ಇದ್ದಲ್ಲೇ ಇದೆ, ಕಂಪನಿಯ ಕೈ ಖಾಲಿಯಾಗಿಲ್ಲ. ಸ್ವಾಧೀನದಿಂದ ಹೋದದ್ದು ಏನು? ಇಲ್ಲಿ ವಕೀಲ ಮಿತ್ರರು ಮೂರ್ನಾಲ್ಕು ಜನ ಕೂತಿದ್ದೀರಿ, ಮೈಕ್ ನಿಮ್ಮ ಕಡೆ ಕಳಿಸುತ್ತೇನೆ.