ರಜೆ ಹಾಕದ ಅಧಿಕಾರಿ

ಅಧ್ಯಕ್ಷರೇ, ಗೆಳೆಯರೇ,

ಆಂತರಿಕ ನಿಯಂತ್ರಣ, ಅಂದರೆ ಕಳವು, ತಪ್ಪು ಆಗದ ಹಾಗೆ ಕಚೇರಿಯೊಳಗೇ ಇಡುವ ತಪಾಸಣೆ, ಅಂದ ಕೂಡಲೇ ನಮ್ಮ ಆಫೀಸುಗಳಲ್ಲಿ ಒಂದು ಮಾತು ಬರುತ್ತದೆ: "ಅವರ ಮೇಲೆ ಅನುಮಾನವಾ ಸಾರ್? ಮೂವತ್ತು ವರ್ಷದ ಸರ್ವೀಸು!" ಈ ಮಾತಿನ ಜೊತೆ ಜಗಳ ಆಡೋದಕ್ಕೇ ಬಂದಿದ್ದೇನೆ. ಪಟ್ಟಿಯಲ್ಲಿ ಬೇರೆ ವಿಷಯಗಳೂ ಇವೆ. ಸಮಯ ಉಳಿದರೆ ನೋಡೋಣ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಡಿಕ್ಸನ್ ಅಂತ ಒಂದು ಊರು. ಜನ ಸುಮಾರು 16 ಸಾವಿರ. ಅಲ್ಲಿನ ನಗರಾಡಳಿತದ ಲೆಕ್ಕಾಧಿಕಾರಿ ರೀಟಾ ಕ್ರಂಡ್‌ವೆಲ್. 1990ರಲ್ಲಿ ಈಕೆ ಊರಿನ ಹೆಸರಲ್ಲೇ ಒಂದು ಗುಟ್ಟಿನ ಖಾತೆ ತೆರೆದರು. ರಾಜ್ಯ ಸರ್ಕಾರದ್ದು ಅಂತ ಸುಳ್ಳು ಬಿಲ್ಲು ಸೃಷ್ಟಿಸುವುದು, ಚೆಕ್ ಬರೆಯುವುದು, ಆ ಖಾತೆಗೆ ಹಾಕುವುದು. ಬಿಲ್ಲೂ ಅವರದೇ, ಚೆಕ್ಕೂ ಅವರದೇ, ಲೆಕ್ಕವೂ ಅವರದೇ. ಟಪಾಲು ಕೂಡ ಬೇರೆಯವರ ಕೈಗೆ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದರು.

ರಸ್ತೆ ರಿಪೇರಿಗೆ ದುಡ್ಡಿಲ್ಲ ಯಾಕೆ ಅಂದರೆ, ರಾಜ್ಯದಿಂದ ಬರಬೇಕಾದ ತೆರಿಗೆ ಪಾಲು ತಡವಾಗಿದೆ ಅಂತ ಉತ್ತರ. ಅತ್ತ ಆಕೆಯ ಲಾಯದಲ್ಲಿ ಸುಮಾರು 400 ಕುದುರೆ! ನಗಬೇಡಿ, ಇನ್ನೂ ಇದೆ. ಊರಿನ ದುಡ್ಡನ್ನು ಆಕೆ ತನ್ನ ದುಡ್ಡಿನ ಹಾಗೆ ನೋಡಿಕೊಳ್ಳುತ್ತಾರೆ ಅಂತ ಕೌನ್ಸಿಲಿನವರೇ ಒಬ್ಬರು ಹೊಗಳಿದ್ದರು. ಅಕ್ಷರಶಃ ನಿಜ, ಅಲ್ವಾ?

ಸಿಕ್ಕಿಬಿದ್ದದ್ದು ಹೇಗೆ? ಆಡಿಟ್ ವರ್ಷ ವರ್ಷ ನಡೆದೇ ಇತ್ತು. 2011ರಲ್ಲಿ ಆಕೆ ದೀರ್ಘ ರಜೆ ಹಾಕಿದರು. ಆ ಕೆಲಸ ನೋಡಿಕೊಂಡ ಗುಮಾಸ್ತೆ ಬ್ಯಾಂಕಿಗೆ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕಳಿಸಿ ಅಂದರು. ಗುಟ್ಟಿನ ಖಾತೆಯದೂ ಬಂತು. ಅಷ್ಟೇ. ಒಟ್ಟು 5.37 ಕೋಟಿ ಡಾಲರ್ ಹೋಗಿತ್ತು. 2013ರಲ್ಲಿ 19 ವರ್ಷ 7 ತಿಂಗಳ ಶಿಕ್ಷೆಯಾಯಿತು. ಆಡಿಟ್ ಮಾಡಿದವರೂ ಬ್ಯಾಂಕೂ ಸೇರಿ ಊರಿಗೆ ಸುಮಾರು 4 ಕೋಟಿ ಡಾಲರ್ ಕಟ್ಟಿಕೊಡಬೇಕಾಯಿತು.

ಅದು ಅಮೆರಿಕದ ಕಥೆ ಅನ್ನಬೇಡಿ. ನಮ್ಮ ಪಂಜಾಬ್ ನ್ಯಾಷನಲ್ ಬ್ಯಾಂಕಿನದು? ಮುಂಬೈನ ಒಂದೇ ಶಾಖೆಯಲ್ಲಿ ಒಬ್ಬರೇ ಅಧಿಕಾರಿ ವರ್ಷಗಟ್ಟಲೆ ಕೂತಿದ್ದರು. ಅವರು ನಿವೃತ್ತರಾದ ಮೇಲೆ, 2018ರ ಜನವರಿಯಲ್ಲಿ, ಸಾಲಕ್ಕೆ ಬ್ಯಾಂಕಿನ ಖಾತರಿ ಪತ್ರ ಕೇಳಿ ಬಂದ ಗ್ರಾಹಕ ಕಂಪನಿಗಳಿಗೆ ಹೊಸಬರು ಪೂರ್ತಿ ಮಾರ್ಜಿನ್ ಹಣ, ಅಂದರೆ ಖಾತರಿಗೆ ಭದ್ರತೆಯ ಠೇವಣಿ, ಇಡಿ ಅಂದರು. ಹಿಂದೆ ಯಾರೂ ಕೇಳಿರಲಿಲ್ಲವಲ್ಲ ಅಂತ ಉತ್ತರ ಬಂತು. ಅಲ್ಲಿಂದ ದಾರ ಬಿಚ್ಚಿಕೊಂಡಿತು. ವಂಚನೆಯ ಮೊತ್ತ 13,000 ಕೋಟಿ ರೂಪಾಯಿ ದಾಟಿತು. ಆ ಖಾತರಿಗಳನ್ನು ಬೇರೆ ಬ್ಯಾಂಕುಗಳಿಗೆ ತಿಳಿಸುವ ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಗೆ ಜೋಡಣೆಯಾಗಿರಲಿಲ್ಲ. ಸ್ವಿಫ್ಟ್ ದುರ್ಬಳಕೆ ಆಗಬಹುದು ಅಂತ ರಿಸರ್ವ್ ಬ್ಯಾಂಕ್ 2016ರ ಆಗಸ್ಟ್‌ನಿಂದಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಸುತ್ತೋಲೆ ಫೈಲಿನಲ್ಲಿ ಭದ್ರವಾಗಿರುತ್ತದೆ, ಬಿಡಿ.

ಎರಡೂ ಕಡೆ ಕಳವು ಹೊರಬಂದದ್ದು ಕುರ್ಚಿಯಲ್ಲಿ ಬೇರೆಯವರು ಕೂತಾಗ. ಅದಕ್ಕೇ ನಾನು ಪದೇ ಪದೇ ರಜೆ, ರಜೆ ಅನ್ನುವುದು. ಸೂಕ್ಷ್ಮ ಜಾಗದಲ್ಲಿರುವ ಬ್ಯಾಂಕ್ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ, ಮುಂಚೆ ಹೇಳದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಗೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿತು. ನಮ್ಮ ನಿಗಮ, ಮಂಡಳಿಗಳಲ್ಲೂ ಇದು ಯಾಕೆ ಬೇಡ? "ರಜೆಯನ್ನೇ ಹಾಕಲ್ಲ, ಅಷ್ಟು ನಿಷ್ಠೆ" ಅಂತ ಸನ್ಮಾನ ಮಾಡುತ್ತೇವೆ. ಪ್ರಾಮಾಣಿಕರಿಗೂ ಇದರಿಂದ ಲಾಭವೇ. ನಾಳೆ ಏನಾದರೂ ತಪ್ಪಾದರೆ ಬೆರಳು ಅವರ ಕಡೆಗೇ ತಿರುಗುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಆಡಳಿತ ಮಂಡಳಿ ಬಗ್ಗೆ ಎರಡೇ ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ಆಡಿಟ್ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ, ಅಂದರೆ ಕಂಪನಿಯ ಹಂಗಿಲ್ಲದ ಹೊರಗಿನವರೇ, ಜಾಸ್ತಿ ಇರಬೇಕು. ಆದರೆ ಸರ್ಕಾರಿ ಕಂಪನಿಗಳಲ್ಲಿ ಆ ಕುರ್ಚಿಗಳು ಎಷ್ಟೋ ಸಲ ಖಾಲಿ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಗಳು ಇದನ್ನು ಹೇಳುತ್ತಲೇ ಇವೆ. ಅಪಾಯ ನಿರ್ವಹಣೆ, ಟೆಂಡರ್, ದೂರು ಕೊಟ್ಟವರ ರಕ್ಷಣೆ ಎಲ್ಲ ಬಿಟ್ಟೇ ಹೋಯಿತು. ಪ್ರಶ್ನೆಗಳಿದ್ದರೆ ಈಗ ಕೇಳಿ. ಲೆಕ್ಕ ವಿಭಾಗದವರು ಮೊದಲು.