ಯಾರ ಪಾದ ತೊಳೆಯೋಣ?

ಪ್ರಿಯ ಸಹೋದರ ಸಹೋದರಿಯರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡೆವು. ಶುಕ್ರವಾರ ಮಾಂಸ ಬಿಟ್ಟಿದ್ದೇವೆ, ಯೇಸುಸ್ವಾಮಿಯ ಪಾಡು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಗೆ ಬರುತ್ತಿದ್ದೇವೆ. ದೇವಾಲಯದೊಳಗೆ ಕಾಲಿಟ್ಟ ಕೂಡಲೇ ನಮ್ಮ ದನಿ ತಾನಾಗಿ ತಗ್ಗುತ್ತದೆ. ತೀರ್ಥದಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕುತ್ತೇವೆ, ಮಂಡಿಯೂರುತ್ತೇವೆ. ಮಂಡಿನೋವು ಇರುವ ಅಜ್ಜಿಯರೂ ಬೆಂಚು ಹಿಡಿದುಕೊಂಡು ಮಂಡಿಯೂರುವುದನ್ನು ನೋಡಿದರೆ ನನಗೆ ಕಣ್ಣು ತುಂಬಿ ಬರುತ್ತದೆ. ಈ ಭಯಭಕ್ತಿ ಅಮೂಲ್ಯ. ಬಾಗಿಲು ದಾಟಿ ಹೊರಗೆ ಬಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದೇ ಇವತ್ತು ನನ್ನ ಪ್ರಶ್ನೆ.

ವಿಭೂತಿ ಬುಧವಾರ ಕಳೆದು ಬರುವ ಶುಕ್ರವಾರದ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಅಲ್ಲಿ ಜನ ದೇವರನ್ನೇ ದೂರುತ್ತಾರೆ: ನಾವು ಉಪವಾಸ ಮಾಡಿದೆವು, ನೀನು ಯಾಕೆ ನೋಡಲಿಲ್ಲ? ಉಪವಾಸದ ದಿನವೇ ಆಳುಗಳನ್ನು ಹಿಂಡಿ ದುಡಿಸುತ್ತೀರಿ, ಜಗಳವಾಡಿ ಗುದ್ದಾಡುತ್ತೀರಿ ಅನ್ನುತ್ತಾನೆ ದೇವರು. ಎಷ್ಟು ನೇರವಾದ ಉತ್ತರ, ಅಲ್ವಾ?

ಮಾಂಸ ಬಿಟ್ಟ ಮನೆಯಲ್ಲೇ ಕೆಲಸಕ್ಕೆ ಬರುವ ಅಮ್ಮನಿಗೆ ಬೇರೆ ಲೋಟ ಇಟ್ಟಿರುತ್ತಾರೆ. ಸಿಂಕಿನ ಪಕ್ಕ, ಕಿಟಕಿಯ ಮೂಲೆಯಲ್ಲಿ. ಟೀ ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಬೋರಲು ಹಾಕಬೇಕು. ಕ್ರೈಸ್ತರ ಮನೆಗಳಲ್ಲೂ ಆ ಲೋಟ ಇದೆ. ನಮ್ಮಲ್ಲಿ ಜಾತಿ ಇಲ್ಲ ಎಂದು ಹೇಳುವ ಬಾಯಿ ಮೊದಲು ಆ ಲೋಟದ ಕಡೆ ನೋಡಲಿ.

ನಾಲಿಗೆಯ ಮಾತೂ ಇದೆ. ಅದೇ ನಾಲಿಗೆಯಿಂದ ದೇವರನ್ನು ಸ್ತುತಿಸುತ್ತೇವೆ, ಅದರಿಂದಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ, ಇದು ಸಲ್ಲದು ಎಂದು ಯಕೋಬನು ತನ್ನ ಪತ್ರದ 3ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ಬೈಬಲ್ ವಾಕ್ಯ ಕಳಿಸಿ, ಸಂಜೆ ಅದೇ ಗುಂಪಿನಲ್ಲಿ ಒಬ್ಬರ ಮಾನ ಕಳೆಯುವವರನ್ನು ನಾವೆಲ್ಲ ಕಂಡಿದ್ದೇವೆ.

ಈಗ ಪವಿತ್ರ ಗುರುವಾರಕ್ಕೆ ಬರೋಣ. ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಪಾದ ತೊಳೆದದ್ದನ್ನು ನೆನೆದು, ಅಂದಿನ ಪೂಜೆಯಲ್ಲಿ ಗುರುಗಳು ಕೆಲವರ ಪಾದ ತೊಳೆಯುತ್ತಾರೆ. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ಸ್ವಲ್ಪ ನಿಧಾನವಾಗಿ ಓದಿ. ಯೇಸುಸ್ವಾಮಿ ಊಟದಿಂದ ಎದ್ದರು. ಮೇಲುಹೊದಿಕೆ ತೆಗೆದಿಟ್ಟರು. ಸೊಂಟಕ್ಕೆ ಬಟ್ಟೆ ಕಟ್ಟಿದರು. ಬೋಗುಣಿಗೆ ತಾವೇ ನೀರು ಹಾಕಿದರು. ಧೂಳುದಾರಿಯಲ್ಲಿ ನಡೆದ ಕಾಲುಗಳನ್ನು ತೊಳೆಯುವುದು ಆಳಿನ ಕೆಲಸ. ಶಿಷ್ಯ ಪೇತ್ರನಿಗೆ ಅದನ್ನು ನೋಡಲಾಗಲಿಲ್ಲ, ಬೇಡವೇ ಬೇಡ ಅಂದ. ಸ್ವಾಮಿಯನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಇದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ಸ್ವಾಮಿಗೆ ಗೊತ್ತಿತ್ತು. ಅವನೊಬ್ಬನನ್ನು ಬಿಟ್ಟು ಮುಂದಿನವನ ಹತ್ತಿರ ಹೋದರು ಎಂದು ಎಲ್ಲೂ ಬರೆದಿಲ್ಲ. ಅವನು ಎದ್ದು ಕತ್ತಲೆಗೆ ಹೋದದ್ದು ಆಮೇಲೆ. ಒಳ್ಳೆಯವರಿಗೆ ಮಾತ್ರ ಮರ್ಯಾದೆ ಎಂಬ ನಮ್ಮ ಲೆಕ್ಕ ಆ ಬೋಗುಣಿಯ ಮುಂದೆ ನಿಲ್ಲುವುದಿಲ್ಲ.

2013ರಲ್ಲಿ ಪೋಪ್ ಫ್ರಾನ್ಸಿಸ್ ತಾವು ಪೋಪ್ ಆದ ಮೊದಲ ಪವಿತ್ರ ಗುರುವಾರ ರೋಮ್ ನಗರದ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಸೆರೆಮನೆಗೆ ಹೋದರು. ಅಲ್ಲಿ 12 ಜನರ ಪಾದ ತೊಳೆದು ಮುತ್ತಿಟ್ಟರು. ಅವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು. ಆಗ ನಿಯಮದಲ್ಲಿ ಪಾದ ತೊಳೆಸಿಕೊಳ್ಳಲು ಗಂಡಸರಿಗೆ ಮಾತ್ರ ಅವಕಾಶವಿತ್ತು. 2016ರಲ್ಲಿ ಆ ನಿಯಮವೇ ಬದಲಾಯಿತು. ಈಗ ಹೆಂಗಸರು, ಮುದುಕರು, ಎಳೆಯರು, ಕಾಯಿಲೆಯವರು ಯಾರನ್ನು ಬೇಕಾದರೂ ಆರಿಸಬಹುದು.

ಆದರೂ ಎಷ್ಟೋ ಕಡೆ ಇಂದಿಗೂ ಅದೇ ಹಿರಿಯರು, ಅದೇ ಸಮಿತಿಯವರು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಮನೆಯಲ್ಲೇ ಸೋಪು ಹಚ್ಚಿ ತೊಳೆದು ತಂದ ಕಾಲು! ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ಹಾಗಾಗುವುದು ಬೇಡ. ದೇವಾಲಯ ಗುಡಿಸುವ ಅಕ್ಕಂದಿರಿದ್ದಾರೆ. ಹೊಸ ಕಟ್ಟಡದ ಕೆಲಸಕ್ಕೆ ಒಡಿಶಾ, ಜಾರ್ಖಂಡ್‌ನಿಂದ ಬಂದು ಭಾನುವಾರ ಹಿಂದಿನ ಗೋಡೆಗೆ ಒರಗಿ ನಿಲ್ಲುವ ಹುಡುಗರಿದ್ದಾರೆ. ಅವರ ಹೆಸರು ನಮಗೆಷ್ಟು ಜನಕ್ಕೆ ಗೊತ್ತು? ಮುಂದಿನ ಭಾನುವಾರದೊಳಗೆ ಕೇಳಿ ತಿಳಿದುಕೊಳ್ಳಿ. ಪಾದ ತೊಳೆಸಿಕೊಳ್ಳಲು ಅವರು ಒಪ್ಪಿದರೆ ಪೂಜೆಯಾದ ಮೇಲೆ ಆ ಹೆಸರುಗಳನ್ನು ಬರೆದು ಗುರುಗಳಿಗೆ ಕೊಡಿ.