ಆನೆಕಾಲು ಹುಳುವಿನ ನಂಟನ ಸ್ರಾವ ಮತ್ತು ಮುಪ್ಪು

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ್ ಕಡೆಯ ಊರುಗಳಲ್ಲಿ ಆರೋಗ್ಯ ಕಾರ್ಯಕರ್ತರು ರಾತ್ರಿ ಮನೆಮನೆಗೆ ಬಂದು, ಬೆರಳು ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿಕೊಳ್ಳುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆನೆಕಾಲು ರೋಗದ ಮರಿಹುಳುಗಳು ಚರ್ಮದ ಸಮೀಪದ ರಕ್ತದಲ್ಲಿ ಹೆಚ್ಚಾಗಿ ಸಿಗುವುದು ರಾತ್ರಿಯ ಹೊತ್ತಿನಲ್ಲೇ. ಅವುಗಳನ್ನು ಹೆತ್ತ ದೊಡ್ಡ ಹುಳುಗಳು, ಅಂಗಾಂಶಗಳ ನೀರನ್ನು ರಕ್ತಕ್ಕೆ ಮರಳಿಸುವ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಹೊರಗಿನದೇನೇ ಒಳಹೊಕ್ಕರೂ ಎರಗುವ ನಮ್ಮ ರೋಗನಿರೋಧಕ ಶಕ್ತಿ ಇವುಗಳನ್ನು ಅಷ್ಟು ಕಾಲ ಹೇಗೆ ಸಹಿಸಿಕೊಳ್ಳುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿಲಿಯಂ ಹಾರ್ನೆಟ್ ಮತ್ತು ಮಾರ್ಗರೆಟ್ ಹಾರ್ನೆಟ್ ಮುಖ್ಯರು. ಇಲಿಯಂಥ ದಂಶಕ ಪ್ರಾಣಿಗಳಲ್ಲಿ ಬದುಕುವ, ಆನೆಕಾಲು ಹುಳುವಿಗೆ ಹತ್ತಿರದ ನಂಟಿರುವ ಒಂದು ಹುಳು ಸ್ರವಿಸುವ ಇಎಸ್-62 ಎಂಬ ಪ್ರೋಟೀನನ್ನು ಅವರು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಅದಕ್ಕೆ ಅಂಟಿಕೊಂಡಿರುವ ಫಾಸ್ಫೊರಿಲ್‌ಕೋಲೀನ್ ಎಂಬ ಪುಟ್ಟ ಅಣುವೇ ಕೆಲಸದ ಬಹುಪಾಲನ್ನು ಮಾಡುತ್ತದೆ. ಇಎಸ್-62 ರೋಗನಿರೋಧಕ ಶಕ್ತಿಯನ್ನು ಪೂರ್ತಿ ಅಡಗಿಸುವುದಿಲ್ಲ; ಮಿತಿಮೀರಿದ ಉರಿಯೂತವನ್ನು ಮಾತ್ರ ಹದಕ್ಕೆ ತರುತ್ತದೆ. ನನಗೆ ಇದರಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಸಂಯಮವೇ.

ಕೊಬ್ಬು ತುಂಬಿದ ಆಹಾರವನ್ನು ವರ್ಷಾನುಗಟ್ಟಲೆ ತಿಂದವರ ದೇಹದಲ್ಲಿ ಸಣ್ಣ ಉರಿಯೊಂದು ಆರದೆ ಉಳಿದುಬಿಡುತ್ತದೆ. ಕೊಬ್ಬಿನ ಕೋಶಗಳು ಊದಿಕೊಳ್ಳುತ್ತವೆ, ಕರುಳಿನ ಗೋಡೆ ಸಡಿಲವಾಗುತ್ತದೆ, ಮುಪ್ಪು ಬೇಗನೆ ಬಂದಂತಾಗುತ್ತದೆ. ಇಂಥ ಆಹಾರ ತಿನ್ನುವ ಇಲಿಗಳಿಗೆ ವಾರಕ್ಕೊಮ್ಮೆ ಇಎಸ್-62 ಚುಚ್ಚಿದ ಪ್ರಯೋಗದ ವರದಿ 2020ರಲ್ಲಿ ಪ್ರಕಟವಾಯಿತು. ಗಂಡಿಲಿಗಳ ಮಧ್ಯಕ ಆಯುಷ್ಯ, ಅಂದರೆ ಗುಂಪಿನ ಅರ್ಧದಷ್ಟು ಇಲಿಗಳು ಸಾಯುವ ಹೊತ್ತಿನ ವಯಸ್ಸು, ಶೇ. 12ರಷ್ಟು ಹೆಚ್ಚಿತ್ತು, ಅವುಗಳ ಕರುಳು ಮತ್ತು ಕೊಬ್ಬಿನ ಅಂಗಾಂಶ ಹೆಚ್ಚು ಆರೋಗ್ಯವಾಗಿದ್ದವು. ಹೆಣ್ಣಿಲಿಗಳ ಆಯುಷ್ಯ ಮಾತ್ರ ಹಾಗೆ ಹೆಚ್ಚಲಿಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಸುದ್ದಿ ಹೇಳುವುದು ಸರಿಯಲ್ಲ.

ಹಾಗಾದರೆ ಹುಳುವನ್ನೇ ಮೈಯೊಳಗೆ ಸಾಕಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಖಂಡಿತ ಆಗದು. ಹಂದಿಯ ಕರುಳುಹುಳುವಿನ ಮೊಟ್ಟೆಗಳನ್ನು ಕರುಳಿನಲ್ಲಿ ಉರಿಯೂತ ಆರದೆ ಉಳಿಯುವ ಕ್ರೋನ್ಸ್ ಕಾಯಿಲೆಯವರಿಗೆ ಕುಡಿಸಿ ನಡೆಸಿದ ದೊಡ್ಡ ಪರೀಕ್ಷೆಗಳು 2013ರ ಹೊತ್ತಿಗೆ ನಿರಾಸೆಯಲ್ಲಿ ಮುಗಿದವು. ಇಎಸ್-62 ಕೂಡ ದೊಡ್ಡ ಪ್ರೋಟೀನ್. ಔಷಧಿಯಾಗಿ ಕೊಟ್ಟರೆ ದೇಹ ಅದನ್ನೇ ಶತ್ರುವೆಂದು ಗುರುತಿಸಬಹುದು. ಆದ್ದರಿಂದಲೇ ಅದರ ಗುಣವನ್ನು ಅನುಕರಿಸುವ 11ಎ, 12ಬಿ ಎಂಬ ಚಿಕ್ಕ ಅಣುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ.

ಹುಳುವಿನಿಂದ ನಮಗೆ ಬೇಕಾದದ್ದು ಆ ಅಣುವಿನ ಗುಟ್ಟೇ ಹೊರತು ಹುಳುವಲ್ಲ. ಆದಕಾರಣ ಆರೋಗ್ಯ ಕಾರ್ಯಕರ್ತೆ ಆನೆಕಾಲು ರೋಗದ ಮಾತ್ರೆ ಹಿಡಿದು ಬಾಗಿಲಿಗೆ ಬಂದಾಗ, ದಯವಿಟ್ಟು ಅದನ್ನು ಆಕೆಯ ಎದುರಿನಲ್ಲೇ, ಊಟವಾದ ಮೇಲೆ ನುಂಗಿ.

ನಮಸ್ಕಾರ.